ಹಡಗು ಹತ್ತಬೇಕಾದ ಜೋಳದ ರೊಟ್ಟಿ

ಕೇಂದ್ರ ಸರ್ಕಾರದ ಕ್ರೂಸ್ ಭಾರತ್ ಮಿಷನ್‌ನ ಗುರಿಗಳನ್ನು ಓದಿದವರಿಗೆ ಅಂಕಿಗಳಿಗೇನೂ ಬರವಿಲ್ಲ. 10 ಸಮುದ್ರ ಟರ್ಮಿನಲ್, 100 ನದಿ ಟರ್ಮಿನಲ್, 5 ಮರೀನಾ, 4 ಲಕ್ಷ ಉದ್ಯೋಗ. 2029ರ ಹೊತ್ತಿಗೆ ಸಮುದ್ರ ವಿಹಾರಕ್ಕೆ ಹೋಗುವವರ ಸಂಖ್ಯೆ 5 ಲಕ್ಷದಿಂದ 10 ಲಕ್ಷಕ್ಕೆ ಏರಬೇಕು. ಮೂರು ದಿನ, ಐದು ದಿನ ಹಡಗಿನಲ್ಲಿರುವ ಈ 10 ಲಕ್ಷ ಜನರಲ್ಲಿ ಗೋಧಿ ಉಂಡರೆ ಕರುಳು ಕೆಡುವವರು ಎಷ್ಟು, ಅವರ ತಟ್ಟೆಗೆ ಏನು ಬೀಳುತ್ತದೆ ಎಂಬುದಕ್ಕೆ ಮಾತ್ರ ಆ ಗುರಿಗಳಲ್ಲಿ ಜಾಗ ಸಿಕ್ಕಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಗೋಧಿಯ ಪ್ರೋಟೀನಾದ ಗ್ಲುಟೆನ್ ಇಲ್ಲದ ಊಟವನ್ನು ಪ್ರಯಾಣಿಕನ 'ವಿಶೇಷ ಕೋರಿಕೆ' ಎಂದು ಹಡಗಿನ ಮಾಣಿಯ ತಿಳಿವಳಿಕೆಗೆ ಬಿಡುವುದು ತಪ್ಪು. ಸರ್ಕಾರ ಕ್ರೂಸ್ ಹಡಗುಗಳಿಗೆ ಕೊಡುವ ಬಂದರು ರಿಯಾಯಿತಿಗೆ ಅದು ಷರತ್ತಾಗಬೇಕು. ಆ ಷರತ್ತು ಪೂರೈಸಲು ವಿದೇಶಿ ಬ್ರೆಡ್ಡು ತರಿಸಬೇಕಿಲ್ಲ. ತುಂಗಭದ್ರೆಯ ಎರಡೂ ದಂಡೆಯ ಮನೆಗಳಲ್ಲಿ ಹಂಚಿನ ಮೇಲೆ ಒಣಗುವ ಜೋಳದ ಖಡಕ್ ರೊಟ್ಟಿ ಸಾಕು.

ಗ್ಲುಟೆನ್ ಒಗ್ಗದ ಸೀಲಿಯಾಕ್ ಶ್ರೀಮಂತರ ಫ್ಯಾಷನ್ ಕಾಯಿಲೆ, ನಮ್ಮ ಕಡೆ ಇಲ್ಲವೇ ಇಲ್ಲ ಎಂಬ ಮಾತು ಅಂಕಣಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಾಗೆ ಬರೆಯುವವರು ಅರ್ಧ ಅಂಕಿ ಮಾತ್ರ ನೋಡಿದ್ದಾರೆ. ಡಾ. ಬಿ.ಎಸ್. ರಾಮಕೃಷ್ಣ ಮತ್ತು ಸಹೋದ್ಯೋಗಿಗಳು ದೇಶದ ಮೂರು ಭಾಗಗಳಲ್ಲಿ 23,331 ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಅದರ ಪ್ರಕಾರ ಸೀಲಿಯಾಕ್ ಕಾಯಿಲೆ ಉತ್ತರ ಭಾರತದಲ್ಲಿ ಸಾವಿರಕ್ಕೆ 8.53, ಈಶಾನ್ಯದಲ್ಲಿ 4.66, ದಕ್ಷಿಣದಲ್ಲಿ 0.11. ನಮ್ಮವರು ಇಲ್ಲಿಗೇ ಪುಟ ಮುಚ್ಚುತ್ತಾರೆ. ಮುಂದಿನ ಸಾಲು ಓದಬೇಕಿತ್ತು. ಈ ಕಾಯಿಲೆಗೆ ದಾರಿ ಮಾಡಿಕೊಡುವ ಡಿಕ್ಯೂ2, ಡಿಕ್ಯೂ8 ವಂಶವಾಹಿಗಳು ಉತ್ತರದಲ್ಲಿ ಶೇ 38.1 ಜನರಲ್ಲಿದ್ದರೆ ದಕ್ಷಿಣದಲ್ಲಿ ಶೇ 36.4 ಜನರಲ್ಲಿವೆ. ಹೆಚ್ಚು ಕಡಿಮೆ ಒಂದೇ. ಹಾಗಿದ್ದರೆ ಅಜಗಜಾಂತರ ಎಲ್ಲಿಂದ ಬಂತು? ಅದೇ ಅಧ್ಯಯನ ತಟ್ಟೆಯ ಲೆಕ್ಕವನ್ನೂ ಹಿಡಿದಿದೆ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ಉಣ್ಣುತ್ತಾರೆ, ದಕ್ಷಿಣದವರು 25 ಗ್ರಾಂ.

25 ಗ್ರಾಂ ಎಂದರೆ ಒಂದು ಸಣ್ಣ ಚಪಾತಿಯ ಹಿಟ್ಟು. ದಕ್ಷಿಣದವರ ನೆಮ್ಮದಿ ನಿಂತಿರುವುದು ಇಷ್ಟರ ಮೇಲೆ. ನಮ್ಮ ರಕ್ತ ಬೇರೆ ಎಂದು ಬೀಗಲು ಇಲ್ಲಿ ಏನೂ ಇಲ್ಲ. ಅಕ್ಕಿ, ಜೋಳ, ಸಜ್ಜೆ, ನವಣೆ ನಮ್ಮನ್ನು ಕಾಯ್ದಿವೆ ಎಂದೇ ಈ ಅಂಕಿಗಳಿಂದ ನಾನು ತಿಳಿಯುವುದು.

ಈ ಅಂಕಿಗಳನ್ನು ಹಡಗಿಗೆ ಅನ್ವಯಿಸಿ ನೋಡಿ. 10 ಲಕ್ಷ ಪ್ರಯಾಣಿಕರಿಗೆ ದಕ್ಷಿಣದ ಲೆಕ್ಕ ಹಿಡಿದರೆ ಸೀಲಿಯಾಕ್ ಇರುವವರು 110. ಉತ್ತರದ ಲೆಕ್ಕ ಹಿಡಿದರೆ 8,530. ಮುಂಬೈಯಿಂದ, ಗೋವಾದಿಂದ, ವಿಶಾಖಪಟ್ಟಣದಿಂದ ಹೊರಡುವ ಹಡಗಿಗೆ ದೇಶದ ಎಲ್ಲ ಕಡೆಯವರೂ ಹತ್ತುತ್ತಾರೆ, ವಿದೇಶಿಯರೂ ಬರುತ್ತಾರೆ. ನಿಜವಾದ ಸಂಖ್ಯೆ ಇವೆರಡರ ನಡುವೆ ಎಲ್ಲೋ, ಬಹುಶಃ ಸಾವಿರಗಳಲ್ಲಿ ಇರುತ್ತದೆ. 'ನಾನು ಇಂಥ ರೋಗಿಯನ್ನು ನೋಡಿಯೇ ಇಲ್ಲ' ಎನ್ನುವ ದಕ್ಷಿಣದ ಅಧಿಕಾರಿ, ದಕ್ಷಿಣದ ಅಡುಗೆ ಮುಖ್ಯಸ್ಥ ತಮ್ಮ ಅನುಭವವನ್ನೇ ದೇಶದ ಲೆಕ್ಕ ಎಂದುಕೊಳ್ಳಬಾರದು.

ಉತ್ತರದ ರೋಗಿಗಳ ಸಲುವಾಗಿ ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಎನ್ನುವವರಿಗೆ, ತಟ್ಟೆ ಬದಲಾಗುವ ಬಗೆಗೆ ಎರಡು ಉದಾಹರಣೆ. ಒಂದು ದೂರದ್ದು. ಸ್ವೀಡನ್‌ನಲ್ಲಿ 1984ರಿಂದ ಸುಮಾರು ಹನ್ನೆರಡು ವರ್ಷ, ಎರಡು ವರ್ಷದೊಳಗಿನ ಮಕ್ಕಳಲ್ಲಿ ಸೀಲಿಯಾಕ್ ನಾಲ್ಕು ಪಟ್ಟಾಯಿತು. ಜನ ಬದಲಾಗಿರಲಿಲ್ಲ. ಶಿಶು ಆಹಾರದಲ್ಲಿ ಗೋಧಿಯ ಪ್ರಮಾಣ ಮತ್ತು ಅದನ್ನು ಉಣಿಸುವ ರೀತಿ ಬದಲಾಗಿತ್ತು. ಆ ಪದ್ಧತಿ ಮತ್ತೆ ಬದಲಾದಾಗ ಸಂಖ್ಯೆಯೂ ಇಳಿಯಿತು. ಇನ್ನೊಂದು ನಮ್ಮ ಕಣ್ಣೆದುರಿನದು. ನಮ್ಮ ಆದೋನಿ ಸೀಮೆ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬಿಡಿಸಿಕೊಂಡು ಆಂಧ್ರಕ್ಕೆ ಸೇರಿತು. ಗಡಿ ಸರಿದರೂ ಮಾಧವರಂ, ಕೋಸಿಗಿ, ಹೊಳಗುಂದದ ಎಷ್ಟೋ ಮನೆಗಳಲ್ಲಿ ಮಾತು ಕನ್ನಡವಾಗಿಯೇ ಉಳಿಯಿತು, ಊಟ ಜೋಳವಾಗಿಯೇ ಉಳಿಯಿತು. ಊಟ ಬದಲಿಸಿದ್ದು ಎನ್.ಟಿ. ರಾಮರಾವ್ ಸರ್ಕಾರ 1983ರಲ್ಲಿ ತಂದ ಕಿಲೋಗೆ ಎರಡು ರೂಪಾಯಿಯ ಅಕ್ಕಿ. ಎರಡು ಹೊತ್ತು ರೊಟ್ಟಿ ಉಣ್ಣುತ್ತಿದ್ದ ಮನೆಗಳಿಗೆ ಅನ್ನ ದಿನದ ಊಟವಾಗಿ ಬಂತು. ಜೋಳದ ಹೊಲಗಳಿಗೆ ಹತ್ತಿ ಬಂತು. ಹಸಿದ ಹೊಟ್ಟೆ ತುಂಬಿಸಿದ ಆ ಅಕ್ಕಿಯನ್ನು ನಾನು ಹಳಿಯುತ್ತಿಲ್ಲ. ಆದರೆ ತಲೆತಲಾಂತರದ ತಟ್ಟೆ ಒಂದು ಸರ್ಕಾರಿ ಆದೇಶಕ್ಕೆ ಒಂದೇ ತಲೆಮಾರಿನಲ್ಲಿ ಬದಲಾಗುತ್ತದೆ ಎಂಬುದನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಕ್ಕಿ ಬಂದ ಹಾಗೆ ಬಿಸ್ಕತ್ತು, ಬನ್ನು, ನೂಡಲ್ಸ್, ಪರೋಟದ ರೂಪದಲ್ಲಿ ಮೈದಾ ಬರುತ್ತಲೇ ಇದೆ. ಆ 25 ಗ್ರಾಂ ಹಾಗೆಯೇ ಉಳಿಯುತ್ತದೆ ಎಂದು ಬರೆದುಕೊಡುವವರು ಯಾರು?

ಈಗ ಹಡಗಿನ ಅಡುಗೆಮನೆ. ನೆಲದ ಮೇಲೆ ಒಂದು ಹೋಟೆಲ್ ಸರಿಬರದಿದ್ದರೆ ಪಕ್ಕದ ಹೋಟೆಲ್ ಇದೆ, ಬಾಳೆಹಣ್ಣಿನ ಅಂಗಡಿ ಇದೆ. ಹಡಗಿನಲ್ಲಿ ಇರುವುದು ಒಂದೇ ಉಗ್ರಾಣ. ಬಫೆ ಊಟದ ಮೇಜಿನಲ್ಲಿ ಪಾಸ್ತಾದ ಸೌಟು ಅನ್ನದ ಪಾತ್ರೆಗೆ ಇಳಿಯುತ್ತದೆ. ಪೂರಿ ಕರಿದ ಎಣ್ಣೆಯಲ್ಲೇ ಆಲೂಗಡ್ಡೆ ಕರಿಯುತ್ತಾರೆ. ಚೀನೀ ಅಡುಗೆಗೆ ಹಾಕುವ ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಹೆಸರುವಾಸಿ ವಿದೇಶಿ ಹಡಗುಗಳಲ್ಲಿ ಇದಕ್ಕೊಂದು ರೂಢಿ ಬೆಳೆದಿದೆ: ಹೊರಡುವ ವಾರಗಳ ಮೊದಲೇ ತಿಳಿಸಬೇಕು, ಇವತ್ತು ರಾತ್ರಿಯೇ ನಾಳಿನ ಊಟವನ್ನು ಆರಿಸಿ ಹೇಳಬೇಕು, ಅದನ್ನು ಬೇರೆಯಾಗಿ ಬೇಯಿಸಿಕೊಡುತ್ತಾರೆ. ಒಳ್ಳೆಯ ರೂಢಿಯೇ, ಆದರೆ ರೂಢಿ ಮಾತ್ರ. ತಪ್ಪಿದರೆ ಕೇಳುವವರಿಲ್ಲ.

ತಪ್ಪಿದಾಗ ಆಗುವ ಇನ್ನೊಂದು ಸಂಗತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕ್ರೂಸ್ ಹಡಗುಗಳಿಗೆ ವಾಂತಿ, ಭೇದಿ ಹರಡುವ ನೊರೊವೈರಸ್ ಎಂದರೆ ಭಯ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳಲ್ಲಿ 24 ಗಂಟೆಯೊಳಗೆ ಮೂರು ಅಥವಾ ಹೆಚ್ಚು ಬಾರಿ ಭೇದಿಯಾದವರನ್ನು ಕರುಳು ಸೋಂಕಿನ ಪ್ರಕರಣ ಎಂದು ದಾಖಲಿಸಬೇಕು. ಅಂಥವರನ್ನು ಕೋಣೆಯಲ್ಲೇ ಇರಿಸುತ್ತಾರೆ. ಗೋಧಿ ತಾಗಿದ ಸೀಲಿಯಾಕ್ ರೋಗಿಗೂ ವಾಂತಿ, ಭೇದಿ ಆಗಬಹುದು. ಅಡುಗೆಮನೆ ಮಾಡಿದ ತಪ್ಪಿಗೆ ಅವನು ಸೋಂಕಿತನಂತೆ ಬಾಗಿಲು ಹಾಕಿಕೊಂಡು ಕೂರಬೇಕಾದೀತು.

ದಕ್ಷಿಣ ಭಾರತದ ಊಟ ಬಡಿಸಿದರೆ ಮುಗಿಯಿತು, ಇಡ್ಲಿ ದೋಸೆಯಲ್ಲಿ ಗೋಧಿ ಎಲ್ಲಿದೆ ಎಂದು ಕೇಳುವವರಿದ್ದಾರೆ. ಇಡ್ಲಿ ಸರಿ. ಉಪ್ಪಿಟ್ಟು ಗೋಧಿ ರವೆಯದು. ರವೆ ದೋಸೆ ಹೊಯ್ದ ಕಾವಲಿಯ ಮೇಲೆಯೇ ಸಾದಾ ದೋಸೆ ಹೊಯ್ಯುತ್ತಾರೆ. ಇಷ್ಟು ಕಣ್ಣಿಗೆ ಕಾಣುವಂಥದ್ದು. ಕಾಣದಿರುವುದು ಸಾಂಬಾರಿನಲ್ಲಿದೆ: ಇಂಗು. ಅಫ್ಗಾನಿಸ್ತಾನ, ಇರಾನ್ ಕಡೆಯಿಂದ ಬರುವ ಅಪ್ಪಟ ಇಂಗಿನ ಘಾಟು ತಡೆಯಲಾಗದು. ಅದಕ್ಕೆ ಹಿಟ್ಟು, ಗೋಂದು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಬಹಳ ಸಲ ಮೈದಾ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಅದೇ ಪೇಟೆಯಲ್ಲಿ ಸಿಗುತ್ತದೆ. ಸಾಂಬಾರು, ರಸಂ, ಮಜ್ಜಿಗೆ, ಉಪ್ಪಿನಕಾಯಿ, ಚಟ್ನಿಯ ಒಗ್ಗರಣೆ, ಎಲ್ಲಕ್ಕೂ ಇಂಗು. ಅಡುಗೆಯವನು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದದಿದ್ದರೆ ಇಡ್ಲಿ ಉಳಿಸಿದ ಕರುಳನ್ನು ಸಾಂಬಾರು ಕೆಡಿಸುತ್ತದೆ. ಹತ್ತು ಅಥವಾ ಹೆಚ್ಚು ಕಡೆ ಶಾಖೆಯಿರುವ ಹೋಟೆಲ್‌ಗಳು ಗ್ಲುಟೆನ್ ಇರುವ ಧಾನ್ಯವೂ ಸೇರಿದಂತೆ ಅಲರ್ಜಿಕಾರಕಗಳ ಮಾಹಿತಿಯನ್ನು ಗ್ರಾಹಕರಿಗೆ ಕೊಡಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ನಿಯಮಗಳೇ ಹೇಳುತ್ತವೆ. ಸರಪಳಿ ಹೋಟೆಲಿಗೆ ಇರುವ ಈ ಹೊಣೆ ಭಾರತದ ಬಂದರಿನಿಂದ ಹೊರಡುವ ಪ್ರತಿ ಹಡಗಿಗೂ ಇರಲೇಬೇಕು.

ರೊಟ್ಟಿಗೆ ಬರುತ್ತೇನೆ. ಜೋಳದ ಪ್ರೋಟೀನು ಕಾಫಿರಿನ್. ಅದು ಗೋಧಿಯ ಗ್ಲುಟೆನ್‌ನಂತೆ ಹಿಗ್ಗುವುದಿಲ್ಲ, ಅಂಟುವುದಿಲ್ಲ, ಸೀಲಿಯಾಕ್ ರೋಗಿಯ ಕರುಳನ್ನು ಕೆಣಕುವುದಿಲ್ಲ. ಜಿಗುಟಿಲ್ಲದ ಹಿಟ್ಟನ್ನು ರೊಟ್ಟಿಯಾಗಿಸುವ ವಿದ್ಯೆಯನ್ನು ನಮ್ಮ ಹೆಣ್ಣುಮಕ್ಕಳು ಯಾವ ಪ್ರಯೋಗಾಲಯವೂ ಹೇಳಿಕೊಡದೆ ಕಂಡುಕೊಂಡಿದ್ದಾರೆ. ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ದಾಗ ಪಿಷ್ಟ ಅರೆಬೆಂದು ತಾನೇ ಅಂಟಾಗುತ್ತದೆ. ಆಮೇಲೆ ಅಂಗೈಯಿಂದ ನಾದಿ, ಬಡಿದು, ಹಂಚಿಗೆ ಹಾಕಿ ನೀರು ಸವರುತ್ತಾರೆ. ಗ್ಲುಟೆನ್ ಇಲ್ಲದ ಬ್ರೆಡ್ಡು ಮಾಡುವ ಕಾರ್ಖಾನೆಗಳು ಇದೇ ಅಂಟಿಗಾಗಿ ಆಲೂಗಡ್ಡೆ ಪಿಷ್ಟ, ಮರಗೆಣಸಿನ ಪಿಷ್ಟ, ಗೋಂದುಗಳನ್ನು ಸುರಿಯುತ್ತವೆ. ಇಲ್ಲಿ ಬೇಕಾದದ್ದು ಜೋಳ, ಬಿಸಿನೀರು, ಕೈ.

ತೆಳ್ಳಗೆ ಬಡಿದು ಗರಿಗರಿಯಾಗಿ ಒಣಗಿಸಿದರೆ ಅದೇ ಖಡಕ್ ರೊಟ್ಟಿ. ವಾರಗಟ್ಟಲೆ ಕೆಡುವುದಿಲ್ಲ, ತಂಪು ಪೆಟ್ಟಿಗೆ ಬೇಡ, ಕಾಯಿಸಲು ಒಲೆ ಬೇಡ. ಹಳೆಯ ಕಾಲದ ನಾವಿಕರು ಒಣ ಬಿಸ್ಕತ್ತು ಹೊತ್ತು ಸಮುದ್ರಕ್ಕಿಳಿಯುತ್ತಿದ್ದುದು ಇದೇ ಗುಣಕ್ಕಾಗಿ. ಅದು ಗೋಧಿಯದು, ಇದು ಜೋಳದ್ದು. ಸುಗ್ಗಿ ಹುಡುಕಿಕೊಂಡು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೋಗುವ ನಮ್ಮ ಕಡೆಯವರಿಗೆ ಬುತ್ತಿಯ ಬೆಲೆ ಗೊತ್ತು. ಹಡಗಿನ ಮಟ್ಟಿಗೆ ಇದರ ದೊಡ್ಡ ಲಾಭ ಬೇರೆಯೇ. ನೆಲದ ಮೇಲೆ ಮಾಡಿ, ಪರೀಕ್ಷಿಸಿ, ಮುಚ್ಚಿ ಮುದ್ರೆ ಹಾಕಿದ ಕಟ್ಟು ಪ್ರಯಾಣಿಕನ ಮೇಜಿನ ಮೇಲೆಯೇ ಬಿಚ್ಚುತ್ತದೆ. ಹಡಗಿನ ಸೌಟು, ಎಣ್ಣೆ, ಕಾವಲಿ ಯಾವುದೂ ಅದಕ್ಕೆ ತಾಗುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಪುಡಿ ಇದ್ದರೆ ಅದೊಂದು ಹೊತ್ತಿನ ಊಟ.

ಇದಕ್ಕೆ ಬರುವ ನಿಜವಾದ ಆಕ್ಷೇಪ ಒಂದೇ, ಅದನ್ನು ನಾನೇ ಎತ್ತುತ್ತೇನೆ: ಗಿರಣಿ. ಗ್ಲುಟೆನ್ ಇಲ್ಲ ಎಂದು ಚೀಟಿ ಹಚ್ಚಲು ಎಫ್‌ಎಸ್‌ಎಸ್‌ಎಐ ಒಪ್ಪುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತನೇ ಒಂದು ಭಾಗ ಗ್ಲುಟೆನ್ ಎಂದು ಹಿಡಿಯಿರಿ. ಒಂದು ಕಿಲೋ ಜೋಳದ ಹಿಟ್ಟು ಆ ಮಿತಿ ಮುಟ್ಟಲು 200 ಮಿಲಿಗ್ರಾಂ ಗೋಧಿ ಹಿಟ್ಟು ಸಾಕು. ಒಂದು ಚಿಟಿಕೆಗಿಂತ ಕಡಿಮೆ. ನಮ್ಮೂರ ಗಿರಣಿಯಲ್ಲಿ ಮೊದಲು ಗೋಧಿ ಬೀಸಿ ಅದೇ ಕಲ್ಲಿಗೆ ಜೋಳ ಸುರಿದರೆ ಅದರ ಹಲವು ಪಟ್ಟು ಬೆರೆಯುತ್ತದೆ. 20 ಮಿಲಿಗ್ರಾಂ ಎಂಬುದು ಹಠದ ಮಿತಿಯಲ್ಲ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ರೋಗಿಯ ಕರುಳಿಗೆ ಹಾನಿಯಾಗುತ್ತದೆಂದು ಇಟಲಿಯ ಕಾರ್ಲೊ ಕಟಾಸಿ ತಂಡ 2007ರಲ್ಲೇ ತೋರಿಸಿದೆ. ಆದ್ದರಿಂದ ಮನೆಯ ರೊಟ್ಟಿಯನ್ನು ಹಾಗೆಯೇ ಹಡಗಿಗೆ ಹತ್ತಿಸಿ ಎಂದು ನಾನು ಹೇಳಲಾರೆ. ಜೋಳಕ್ಕೆಂದೇ ಮೀಸಲಾದ ಗಿರಣಿ ಬೇಕು. ಗೋಧಿ ತುಂಬಿದ ಚೀಲವನ್ನು ಜೋಳಕ್ಕೆ ಬಳಸಬಾರದು. ಪ್ರತಿ ಸಲ ಬೀಸಿದ ಹಿಟ್ಟಿಗೂ ಪರೀಕ್ಷೆ ಬೇಕು. ಒಂದು ಟರ್ಮಿನಲ್‌ಗೆ ಹತ್ತಾರು ಕೋಟಿ ಸುರಿಯುವ ಯೋಜನೆಗೆ ಇದು ಲೆಕ್ಕಕ್ಕೇ ಬಾರದ ಖರ್ಚು.

ಸಂಘಟನೆಯ ದಾರಿಯನ್ನು ಕಲಬುರಗಿ ತೋರಿಸಿದೆ. ಅಲ್ಲಿನ ಮಹಿಳೆಯರು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುತ್ತಿದ್ದಾರೆಂದು ಪ್ರಧಾನಿ 2025ರ ಜೂನ್ 'ಮನ್ ಕಿ ಬಾತ್'ನಲ್ಲಿ ಹೇಳಿದ್ದರು. ರಾಯಚೂರಿನಲ್ಲಿ, ತುಂಗಭದ್ರೆಯ ಈಚೆ ಮಾಧವರಂನಲ್ಲಿ, ಆದೋನಿಯಲ್ಲಿ ಅದೇ ಕೈಗಳಿವೆ, ಅದೇ ಹಂಚುಗಳಿವೆ. ಕೊಳ್ಳುವವರು ಗಟ್ಟಿಯಾದರೆ ಹತ್ತಿಗೆ ಹೋದ ಹೊಲಗಳಲ್ಲಿ ಒಂದಿಷ್ಟಾದರೂ ಜೋಳಕ್ಕೆ ಮರಳಬಹುದು.

ಇನ್ನು ಹಡಗು ಕಂಪನಿಗಳನ್ನು ಒಪ್ಪಿಸುವುದು ಹೇಗೆ? ನಡುಗಡಲಿನಲ್ಲಿ ಹಡಗು ತಾನು ಹಾರಿಸುವ ಧ್ವಜದ ದೇಶದ ಕಾನೂನಿಗೆ ಒಳಪಡುತ್ತದೆ, ನಮ್ಮ ಕೈ ಅಲ್ಲಿಗೆ ಮುಟ್ಟದು ಎನ್ನುತ್ತಾರೆ. ಬಂದರಿನಲ್ಲಿ ಮುಟ್ಟುತ್ತದೆ. 2020ರ ಆಗಸ್ಟ್‌ನಲ್ಲಿ ಕೇಂದ್ರ ಹಡಗು ಸಚಿವಾಲಯ ಕ್ರೂಸ್ ಹಡಗುಗಳ ಬಂದರು ಶುಲ್ಕವನ್ನು ಶೇ 60ರಿಂದ 70ರಷ್ಟು ಇಳಿಸಿತು. ಜನರ ಹಣದಿಂದ ಇಷ್ಟು ದೊಡ್ಡ ರಿಯಾಯಿತಿ ಪಡೆಯುವವರಿಗೆ ಒಂದು ಊಟದ ಷರತ್ತು ಹಾಕುವುದು ಅನ್ಯಾಯವಾಗದು.

ಮಿಷನ್‌ನ ಎರಡನೇ ಹಂತ 2027ರ ಮಾರ್ಚ್ 31ಕ್ಕೆ ಮುಗಿಯಬೇಕು, ಮರುದಿನವೇ ಮೂರನೆಯದು ಶುರು. ಅಷ್ಟರೊಳಗೆ ಬಂದರು ರಿಯಾಯಿತಿಯ ಆದೇಶಕ್ಕೆ ಎರಡು ಸಾಲು ಸೇರಿಸಿ ಎಂದು ಕೇಂದ್ರ ಬಂದರು ಸಚಿವಾಲಯವನ್ನು ಕೇಳುತ್ತೇನೆ: ಭಾರತದಿಂದ ಹೊರಡುವ ಪ್ರತಿ ಕ್ರೂಸ್ ಹಡಗಿನ ಉಗ್ರಾಣದಲ್ಲಿ 20 ಮಿಲಿಗ್ರಾಂ ಮಿತಿಯೊಳಗೆ ಪರೀಕ್ಷೆಯಾದ, ಮುದ್ರೆ ಒಡೆಯದ ಜೋಳದ ರೊಟ್ಟಿ ಇರಬೇಕು, ಅದರ ಅಡುಗೆಮನೆಗೆ ಮೈದಾ ಬೆರೆಸಿದ ಇಂಗು ಬರಬಾರದು.