ದೆಹಲಿಯ ಗರಿಕೆಗೆ ಎಷ್ಟು ನೀರು?

ದೆಹಲಿಗೆ ಬಂದು ನೆಲಸಿದ ಕನ್ನಡಿಗನು ಮನೆಯ ಮುಂದೆ ನಾಲ್ಕು ಮಾರು ನೆಲ ದೊರೆತೊಡನೆ ಮೊದಲು ತುಳಸಿಯನ್ನೂ ಆಮೇಲೆ ಹುಲ್ಲುಹಾಸನ್ನೂ ಬಯಸುವುದು ಸಹಜವಾದುದೇ. ಇಲ್ಲಿನ ಮಾಲಿಗಳು ದೂಬ್ ಎಂದು ಕರೆಯುವ ಆ ಹುಲ್ಲು, ಭಾದ್ರಪದದ ಚೌತಿಯಂದು ನಾವು ಗಣಪತಿಗೆ ಏರಿಸುವ ನಮ್ಮ ಗರಿಕೆಯೇ ಆಗಿದೆ. ಊರಿನಲ್ಲಿ ಗದ್ದೆಯ ಬದುವಿನ ಮೇಲೂ ಕಾಲುದಾರಿಯ ಅಂಚಿನಲ್ಲಿಯೂ ಯಾರೊಬ್ಬರೂ ನೀರೆರೆಯದೆ, ದನ ಮೇಯ್ದರೂ ಬಿಸಿಲು ಸುಟ್ಟರೂ ಮತ್ತೆ ಚಿಗುರುವ ಈ ತೃಣವನ್ನು, ರಾಜಧಾನಿಯ ಮನೆಗಳಲ್ಲಿ ಋತುಭೇದವಿಲ್ಲದೆ ದಿನಂಪ್ರತಿ ಕುಡಿಯುವ ನೀರಿನಿಂದ ತೋಯಿಸುವುದನ್ನು ಕಂಡಾಗಲೆಲ್ಲ ನನಗೆ ವ್ಯಥೆಯಾಗುತ್ತದೆ.

ವ್ಯಥೆಗೆ ಕಾರಣ ನನ್ನ ಅಂಗಳದಲ್ಲಿಯೇ ದೊರೆಯಿತು. ಒಂದು ಜ್ಯೇಷ್ಠಮಾಸದಲ್ಲಿ, ಪ್ರತಿದಿನ ಸಂಜೆ ಕಾಲು ಗಂಟೆ ಪೈಪು ಹಿಡಿದರೂ ಹುಲ್ಲು ಹಳದಿಗೆ ತಿರುಗುತ್ತಿರಲು, ನಮ್ಮ ಮಾಲಿ ಖುರ್ಪಿಯಿಂದ ಅಂಗೈಯಗಲದ ಒಂದು ಹೆಂಟೆಯನ್ನು ಎತ್ತಿ ನನ್ನ ಮುಂದಿಟ್ಟನು. ಮೇಲಿನ ಎರಡು ಬೆರಳಷ್ಟು ಮಣ್ಣು ಕೆಸರಾಗಿದ್ದಿತು. ಅದರ ಕೆಳಗೆ ಒಲೆಯ ಬೂದಿಯಂತೆ ಒಣಗಿದ ಧೂಳು. ಬೇರುಗಳು ಆ ಧೂಳಿನವರೆಗೆ ಇಳಿದು, ಅಲ್ಲಿಂದ ಮುಂದೆ ಹೋಗಲೊಲ್ಲದೆ ಮಗ್ಗುಲಿಗೆ ಹೊರಳಿ ಚಾಪೆಯಂತೆ ಹೆಣೆದುಕೊಂಡಿದ್ದವು. "ಬಾಬೂಜಿ, ನಾವು ಇದಕ್ಕೆ ನೀರು ಕುಡಿಸಿಲ್ಲ, ಬರೀ ತುಟಿ ಒದ್ದೆ ಮಾಡಿದ್ದೇವೆ" ಎಂದನಾತ. ತೇವವಿದ್ದಲ್ಲಿಗೆ ಬೇರು ಹೋಗುವುದೆಂಬ ಸರಳ ನಿಯಮವನ್ನು ನಾನು ಅಂದು ಆ ಹೆಂಟೆಯಿಂದ ಕಲಿತೆನು. ದಿನವೂ ಸ್ವಲ್ಪ ಸ್ವಲ್ಪ ಎರೆದರೆ ಬೇರು ಮೇಲೆಯೇ ಉಳಿದು ಮೊದಲ ಬಿಸಿಗಾಳಿಗೆ ಸೊರಗುವುದು. ಅಪರೂಪಕ್ಕೆ ಎರೆದರೂ ಒಂದು ಗೇಣು ಆಳಕ್ಕೆ ಇಳಿಯುವಂತೆ ಎರೆದರೆ ಬೇರು ಆ ತಂಪನ್ನು ಅರಸಿ ಕೆಳಗಿಳಿಯುವುದು.

ಎಷ್ಟು ಎರೆದರೆ ಅಷ್ಟು ಆಳಕ್ಕೆ ಇಳಿಯುವುದೆಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಯಮುನೆಯ ಮೆಕ್ಕಲು ಮಣ್ಣಿನಲ್ಲಿ ಒಂದು ಗೇಣು ನೆನೆಯಲು ಸುಮಾರು 25 ಮಿಲಿಮೀಟರ್, ಎಂದರೆ ಒಂದಂಗುಲ, ಬೇಕು. ಸಪಾಟು ತಳದ ನಾಲ್ಕು ಡಬ್ಬಿಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು ನೀರು ಚಿಮುಕಿಸಿ, ಒಂದಂಗುಲ ತುಂಬಲು ಹಿಡಿದ ನಿಮಿಷಗಳನ್ನು ಒಮ್ಮೆ ಬರೆದಿಟ್ಟುಕೊಂಡರೆ ಆ ಲೆಕ್ಕ ವರ್ಷಗಟ್ಟಲೆ ಸಾಕಾಗುತ್ತದೆ. ನೆಲ ಬಿರುಸಾಗಿ ನೀರು ಹರಿದುಹೋಗುವಂತಿದ್ದರೆ ಅರ್ಧ ಎರೆದು, ಅರ್ಧ ಗಂಟೆ ತಾಳಿ, ಉಳಿದರ್ಧವನ್ನು ಎರೆಯತಕ್ಕದ್ದು. ಹೊತ್ತು ಮಾತ್ರ ಸೂರ್ಯೋದಯಕ್ಕೆ ಮುಂಚಿನದೇ ಶ್ರೇಯಸ್ಕರ: ಆಗ ಗಾಳಿ ಸ್ತಬ್ಧವಾಗಿರುತ್ತದೆ, ನೀರು ಆವಿಯಾಗದು, ಎಸಳಿನ ಮೇಲಿನ ತೇವವೂ ಬಿಸಿಲೇರಿದೊಡನೆ ಆರುವುದರಿಂದ ಬೂಷ್ಟು ಹಿಡಿಯದು.

ಇನ್ನು ಋತುಗಳ ಮಾತು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂಬ ಗಾದೆಯನ್ನು ಕೇಳಿ ಬೆಳೆದವನಿಗೆ, ಅದೇ ರೋಹಿಣಿಗೆ ಸೂರ್ಯನು ಕಾಲಿಟ್ಟ ಮೊದಲ ಒಂಬತ್ತು ದಿನಗಳನ್ನು ಉತ್ತರದವರು ನೌತಪಾ ಎಂದು ಕರೆದು ಬೆಂಕಿಗೆ ಹೆದರುವಂತೆ ಹೆದರುವುದು ವಿಚಿತ್ರವಾಗಿ ತೋರುತ್ತದೆ. ಅಲ್ಲಿ ಬಿತ್ತನೆಯ ಹದ, ಇಲ್ಲಿ ಲೂ ಗಾಳಿಯ ಹೊಡೆತ. ದೆಹಲಿಗೆ ಮುಂಗಾರು ಬರುವುದು ಸಾಮಾನ್ಯವಾಗಿ ಜೂನ್ 27ರ ಸುಮಾರಿಗೆ, ಆರಿದ್ರೆಯಲ್ಲಿ. ಬಂದ ಮೇಲೆ ಪೈಪನ್ನು ಸುತ್ತಿ ಒಳಗಿಡಬೇಕು. ವಾರದ ಮೇಲೆ ಮಳೆ ಬಿಡುವು ಕೊಟ್ಟರೆ ಮಾತ್ರ ಒಮ್ಮೆ ತೆಗೆದರಾಯಿತು. ಆಶ್ವಯುಜ ಕಾರ್ತಿಕಗಳಲ್ಲಿ ಹತ್ತು ದಿನಕ್ಕೊಂದು ಸಲ ಸಾಕು. ಪುಷ್ಯ ಮಾಘಗಳ ಮಂಜಿನಲ್ಲಿ ಗರಿಕೆ ಕಂದುಬಣ್ಣಕ್ಕೆ ತಿರುಗಿ ನಿದ್ರಿಸುತ್ತದೆ, ಅದು ಸಾವಲ್ಲ. ಈ ನಿದ್ರೆಯನ್ನು ಬಾಯಾರಿಕೆಯೆಂದು ಭ್ರಮಿಸಿ ದಿನವೂ ನೀರೆರೆಯುವ ಮನೆಗಳು ನಮ್ಮ ಬಡಾವಣೆಯಲ್ಲಿಯೇ ಅನೇಕ ಉಂಟು. ಮಹಾವಟ್ ಎಂದು ಇಲ್ಲಿಯವರು ಕರೆಯುವ ಚಳಿಗಾಲದ ಮಳೆ ಒಂದೆರಡು ಸಲ ಬಿದ್ದರೆ, ಫಾಲ್ಗುಣದವರೆಗೆ ನಲ್ಲಿಯ ಗೊಡವೆಯೇ ಬೇಡ.

ಉಳಿದುದು ಉರಿಬೇಸಗೆ, ನನ್ನ ಅಭಿಪ್ರಾಯಭೇದವಿರುವುದು ಅಲ್ಲಿಯೇ. ನೂರು ಚದರ ಮೀಟರ್ ಹುಲ್ಲಿಗೆ ಒಂದಂಗುಲ ನೀರೆಂದರೆ 2,500 ಲೀಟರ್. ಮೇ ತಿಂಗಳಲ್ಲಿ ಅದನ್ನು ಹಸುರಾಗಿಡಲು ವಾರಕ್ಕೆರಡು ಸಲ, ಎಂದರೆ ತಿಂಗಳಿಗೆ ಇಪ್ಪತ್ತು ಸಾವಿರ ಲೀಟರಿಗೂ ಮಿಗಿಲಾಗಿ ಬೇಕು. 2015ರಿಂದ ದೆಹಲಿ ಸರಕಾರವು ಮೀಟರ್ ಇರುವ ಒಂದು ಮನೆಗೆ ತಿಂಗಳಿಗೆ ಉಚಿತವಾಗಿ ಕೊಡುತ್ತ ಬಂದಿರುವ ಕುಡಿಯುವ ನೀರು 20,000 ಲೀಟರ್. ಎಷ್ಟೇ ಜಾಣತನದಿಂದ, ಹನಿಯೂ ಪೋಲಾಗದಂತೆ ಎರೆದರೂ, ಒಂದು ಕುಟುಂಬ ಬದುಕುವಷ್ಟು ನೀರನ್ನು ಒಂದು ಹಾಸು ಕುಡಿದುಬಿಡುತ್ತದೆಂದಾಯಿತು. ಅದೇ ತಿಂಗಳಲ್ಲಿ ಸಂಗಮ ವಿಹಾರದಂಥ ಬಡಾವಣೆಗಳ ಹೆಂಗಸರು ಟ್ಯಾಂಕರಿನ ಸುತ್ತ ಕೊಡ ಹಿಡಿದು ನಿಂತಿರುತ್ತಾರೆ. 2024ರ ಮೇ ತಿಂಗಳಲ್ಲಿ ನೀರಿಗೆ ಹಾಹಾಕಾರವೆದ್ದಾಗ, ಪೈಪಿನಿಂದ ಕಾರು ತೊಳೆಯುವವರಿಗೂ ಟ್ಯಾಂಕು ತುಂಬಿ ಹರಿಯಗೊಡುವವರಿಗೂ ಎರಡು ಸಾವಿರ ರೂಪಾಯಿ ದಂಡವೆಂದು ಸರಕಾರ ಸಾರಬೇಕಾಯಿತು. ಯಮುನೆ, ಗಂಗೆ, ಭಾಕ್ರಾ ಎಂದು ನೆರೆರಾಜ್ಯಗಳ ಕಾಲುವೆಗಳನ್ನು ನೆಚ್ಚಿ ಬದುಕುವ ನಗರವಿದು.

ಆದುದರಿಂದ ನಾನು ಹೇಳುವುದಿಷ್ಟೆ: ವೈಶಾಖ ಜ್ಯೇಷ್ಠಗಳಲ್ಲಿ ದೆಹಲಿಯ ಹುಲ್ಲುಹಾಸು ಹಳದಿಯಾಗಲಿ. ಎರಡು ಮೂರು ವಾರಕ್ಕೊಮ್ಮೆ ಆಳವಾಗಿ ಒಂದು ನೀರು ಕಂಡರೆ ಗರಿಕೆಯ ಗೆಣ್ಣುಗಳು ಮಣ್ಣಿನೊಳಗೆ ಜೀವ ಹಿಡಿದಿರುತ್ತವೆ. ಆರಿದ್ರೆಯ ಮೊದಲ ಮಳೆಗೆ ಒಂದೆರಡು ವಾರದಲ್ಲಿ ಅಂಗಳ ತಾನೇ ಹಸುರಾಗುತ್ತದೆ. ಆ ಒಂದು ನೀರಾದರೂ ನಲ್ಲಿಯದೇ ಆಗಬೇಕೆಂದಿಲ್ಲ. ಅಕ್ಕಿ ಬೇಳೆ ತೊಳೆದ ನೀರು, ಎ.ಸಿ.ಯಿಂದ ಹಗಲಿರುಳು ತೊಟ್ಟಿಕ್ಕುವ ನೀರು, ಇವುಗಳನ್ನು ಬಕೇಟಿನಲ್ಲಿ ಹಿಡಿದು ಪಾಳಿಯಂತೆ ಒಂದೊಂದು ಮೂಲೆಗೆ ಉಣಿಸಬಹುದು. ನಮ್ಮ ಮನೆಯಲ್ಲಿ ನಾವು ಹೀಗೆ ಮಾಡುತ್ತಿದ್ದೇವೆ.

ಸರಕಾರದ ಪಾಲೂ ಇದೆ. ಬ್ರಿಟಿಷರು ಕಟ್ಟಿ 1931ರಲ್ಲಿ ಉದ್ಘಾಟಿಸಿದ ಹೊಸದಿಲ್ಲಿಯ ಬಂಗಲೆಗಳ ವಿಶಾಲವಾದ ಹಾಸುಗಳಿಗೆ, ಕುಡಿಯುವ ನೀರಿನಿಂದ ಬೇರೆಯಾದ, ಸೋಸದ ನೀರಿನ ಕೊಳವೆಗಳಿದ್ದವು. ತೋಟದ ನೀರು ಬೇರೆ, ಗಂಟಲಿನ ನೀರು ಬೇರೆ ಎಂಬ ವಿವೇಕ ಈ ಊರಿಗೆ ಹೊಸದಲ್ಲ. ಇಂದು ಚರಂಡಿಯ ನೀರನ್ನು ಶುದ್ಧೀಕರಿಸಿ ಸರಕಾರಿ ಉದ್ಯಾನಗಳಿಗೆ ಹರಿಸುತ್ತಾರಾದರೂ, ಆ ನೀರು ಸಾಮಾನ್ಯ ಬಡಾವಣೆಯ ಗೇಟಿನವರೆಗೆ ಬಂದಿಲ್ಲ. ಅಂತರ್ಜಲ ಬತ್ತುತ್ತಿದ್ದ ಗುರುಗ್ರಾಮದಲ್ಲಿ ಕಟ್ಟಡದ ಕೆಲಸಕ್ಕೆ ಕೊಳವೆಬಾವಿಯ ನೀರು ಕೂಡದು, ಶುದ್ಧೀಕರಿಸಿದ ನೀರನ್ನೇ ಬಳಸಬೇಕೆಂದು ಉಚ್ಚ ನ್ಯಾಯಾಲಯವು 2012ರಲ್ಲಿಯೇ ವಿಧಿಸಿತು. ಇಟ್ಟಿಗೆ ಸಿಮೆಂಟಿಗೆ ಸಲ್ಲುವ ನಿಯಮವು ಹುಲ್ಲಿಗೂ ಸಲ್ಲಬೇಕು.

ಬರುವ ಬೇಸಗೆಯಲ್ಲಿ ನಲ್ಲಿಯನ್ನು ತಿರುಗಿಸುವ ಮುನ್ನ ಓದುಗರು ಒಂದು ಅಂಗೈಯಗಲದ ಹೆಂಟೆಯನ್ನು ಎತ್ತಿ, ಬೇರು ಎಲ್ಲಿಯವರೆಗೆ ಇಳಿದಿದೆಯೆಂದು ಕಣ್ಣಾರೆ ನೋಡಬೇಕೆಂದು ಬೇಡಿಕೊಳ್ಳುತ್ತೇನೆ.