ಕವಲೊಡೆದ ಕೋಡು ಕೂಡುವ ಬಗೆ

ತೆಕ್ಕಟ್ಟೆಯ ಇಬ್ಬರು ಸಹಪಾಠಿಗಳು ಸೇರಿ ಎಸ್.ಎಸ್.ಎಲ್.ಸಿ. ಫಲಿತಾಂಶದ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದಾರೆಂದು ಊಹಿಸಿಕೊಳ್ಳಿ. ಇಬ್ಬರೂ ಒಂದೇ ಕಡತವನ್ನು ತಿದ್ದತೊಡಗಿದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿಬಿಡಬಹುದು. ಇದಕ್ಕೆ ಪರಿಹಾರವೇ ‘ಬ್ರಾಂಚ್’, ಅಂದರೆ ಕವಲು. ಪ್ರತಿಯೊಬ್ಬರೂ ತಮ್ಮ ತಮ್ಮ ಕವಲಿನಲ್ಲಿ ಕೆಲಸ ಮಾಡಿ, ಮುಗಿದ ಮೇಲೆ ಮೂಲಕ್ಕೆ ಕೂಡಿಸುತ್ತಾರೆ. ಈ ಕೂಡಿಕೆಯೇ ‘ಮರ್ಜ್’.

ಇದಕ್ಕೆ ಇಂದು ಹೆಚ್ಚಾಗಿ ಬಳಕೆಯಲ್ಲಿರುವ ತಂತ್ರಾಂಶ ‘ಗಿಟ್’. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಇದನ್ನು ರಚಿಸಿದರು. ಕವಲೊಡೆಯುವ ಮೊದಲಿನ ಪ್ರತಿಯೊಡನೆ ಎರಡೂ ಕವಲುಗಳನ್ನು ಅದು ಹೋಲಿಸುತ್ತದೆ. ದೂರದೂರದ ಸಾಲುಗಳು ಬದಲಾಗಿದ್ದರೆ ತಾನೇ ಕೂಡಿಸುತ್ತದೆ. ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆಯಾಗಿ ತಿದ್ದಿದ್ದರೆ ‘ಕಾನ್‌ಫ್ಲಿಕ್ಟ್’ ಎಂದು ಗುರುತು ಹಾಕಿ ತೀರ್ಮಾನವನ್ನು ಮನುಷ್ಯರಿಗೇ ಬಿಡುತ್ತದೆ.

ಆದರೆ ಗಿಟ್ ನೋಡುವುದು ಸಾಲುಗಳನ್ನು, ಅರ್ಥವನ್ನಲ್ಲ. ಸಹಪಾಠಿಗಳಲ್ಲಿ ಒಬ್ಬಳು 625ಕ್ಕೆ ಇದ್ದ ಅಂಕವನ್ನು ಪ್ರೋಗ್ರಾಮಿನ ಆರಂಭದಲ್ಲೇ ಶೇಕಡಾವಾರಿಗೆ ಬದಲಾಯಿಸಿದಳು. ಇದನ್ನರಿಯದ ಇನ್ನೊಬ್ಬ, ಅಂಕವನ್ನು 625ರಿಂದ ಭಾಗಿಸಿ 100ರಿಂದ ಗುಣಿಸುವ ಸಾಲನ್ನು ಕೊನೆಯಲ್ಲಿ ಸೇರಿಸಿದ. ಗಿಟ್ ತಕರಾರಿಲ್ಲದೆ ಎರಡನ್ನೂ ಕೂಡಿಸಿತು. ಪರಿಣಾಮ? 500 ಅಂಕ ಪಡೆದವನಿಗೆ ಶೇಕಡಾ 80ರ ಬದಲು 12.8!

ಆದ್ದರಿಂದ ಕವಲು ಚಿಕ್ಕದಿರಲಿ, ಬೇಗ ಕೂಡಲಿ. ಕೂಡಿಸಿದ ಮೇಲೆ ಉತ್ತರ ಗೊತ್ತಿರುವ ಲೆಕ್ಕವೊಂದನ್ನು ಕೊಟ್ಟು ಪರೀಕ್ಷಿಸಬೇಕು. ಒಬ್ಬರ ಕೋಡನ್ನು ಇನ್ನೊಬ್ಬರು ಓದಬೇಕು. ಪ್ರಾಜೆಕ್ಟಿಗೆ ಕುಳಿತ ಮಕ್ಕಳು ತಮ್ಮತಮ್ಮೊಳಗೆ ಮಾತಾಡುತ್ತಿದ್ದರೆ ಹರಟೆಯೆಂದು ಹೆತ್ತವರು ಗದರಬೇಕಾಗಿಲ್ಲ. ಗಿಟ್‌ನಿಂದಾಗದ ಕೆಲಸವನ್ನು ಅವರು ಮಾಡುತ್ತಿರಬಹುದು.