ಅವ್ವನ ಫೋನಿನಲ್ಲಿ ಜಾಗ ಇಲ್ಲ

ಹೋದ ವಾರ ಕಾನಹೊಸಹಳ್ಳಿಯಿಂದ ಅವ್ವನ ಫೋನು. "ಯಪ್ಪಾ, ಫೋನ್ ತುಂಬೇತಿ ಅಂತ ತೋರಿಸಾಕತ್ತೈತಿ. ಕೊಟ್ಟೂರು ತೇರಿನ ಫೋಟೋ ಅಳಿಸೀನಿ. ಇನ್ನೇನ್ ಅಳಿಸ್ಲಿ?"

32 ಜಿಬಿಯ ಫೋನು. ಅದರಲ್ಲಿ ಅವ್ವನದು ಅಂತ ಇರೋದು ಒಂದಿಷ್ಟು ಫೋಟೋ, ನಾಲ್ಕು ಭಜನೆ ಪದ. ಮಿಕ್ಕಿದ್ದನ್ನೆಲ್ಲ ತುಂಬಿದ್ದು ನಾವು. ನಾವು ಅಂದ್ರೆ, ಹದಿನೈದು ದಿನಕ್ಕೊಂದು ರಿಲೀಸ್ ಮಾಡಿ, "ಬಗ್ ಫಿಕ್ಸ್ ಮತ್ತು ಸುಧಾರಣೆಗಳು" ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳೋ ನಾನು, ನೀವು. ಆಫೀಸಿನ ವೈಫೈನಲ್ಲಿ 100 ಎಂಬಿ ನಮ್ಮ ಕಣ್ಣಿಗೇ ಬೀಳಲ್ಲ. ದಿನಕ್ಕೆ 1.5 ಜಿಬಿ ಪ್ಯಾಕಿನವರಿಗೆ ಅಂಥ ಹತ್ತು ಅಪ್‌ಡೇಟ್ ಇಳಿದ್ರೆ ಮೂರರಲ್ಲಿ ಎರಡು ಪಾಲು ಖಾಲಿ.

"ಈಗ ಪ್ಯಾಚ್ ಚಿಕ್ಕದಿರುತ್ತೆ ಕಣೋ" ಅಂತೀರಿ. ನಿಜ. 2016ರಲ್ಲಿ ಗೂಗಲ್ ತಂದ ಪ್ಯಾಚ್ ವಿಧಾನದಲ್ಲಿ ಅಪ್‌ಡೇಟು ಇಡೀ ಆ್ಯಪಿಗಿಂತ ಸರಾಸರಿ ಶೇ. 65ರಷ್ಟು ಚಿಕ್ಕದು. ಆದರೆ ಇಳಿಯೋದು ಚಿಕ್ಕದಾದ್ರೆ ಒಳಗೆ ಕೂತಿರೋ ಆ್ಯಪ್ ತೆಳ್ಳಗಾಗುತ್ತಾ? ಯಾರೂ ಮುಟ್ಟದ ಹಳೇ ಲೈಬ್ರರಿ, ಯಾರೂ ಕೇಳದ ಅನಿಮೇಶನ್, ಎಲ್ಲ ಅಲ್ಲೇ. ವಿಂಡೋಸ್ 10 ಅಂತೂ 2019ರಿಂದ ಹೊಸ ಕಂಪ್ಯೂಟರಿನಲ್ಲಿ ಅಪ್‌ಡೇಟಿಗೆ ಅಂತ ಸುಮಾರು 7 ಜಿಬಿ ಮೊದಲೇ ಹಿಡಿದಿಡುತ್ತಿತ್ತು, ಕಿಟಕಿಯಿಂದ ಟವೆಲ್ ಹಾಕಿ ಬಸ್ಸಿನ ಸೀಟು ಹಿಡಿದಂಗೆ.

ಸೆಕ್ಯುರಿಟಿ ಅಪ್‌ಡೇಟ್ ಬೇಡ ಅಂತಲ್ಲ. ಬೀಗ ರಿಪೇರಿಗೆ ಬಂದವರು ಮನೇಲಿ ಸೋಫಾ ಯಾಕೆ ಇಟ್ಟು ಹೋಗ್ಬೇಕು? ಬೀಗ ಬೇರೆ ಕಳಿಸಿ, ಸೋಫಾ ಬೇರೆ ಕಳಿಸಿ. ಎಷ್ಟು ಎಂಬಿ ಅಂತ ಮೊದಲು ಹೇಳಿ, ಆಮೇಲೆ ಇಳಿಸಿ.

ಮೊನ್ನೆ ಮೀಟಿಂಗಿನಲ್ಲಿ, ಈ ಸ್ಪ್ರಿಂಟಿನಲ್ಲಿ ಆ್ಯಪಿನ ಸೈಜ್ ಇಳಿಸೋಣ ಅಂದೆ. "ಯಾವ ಯೂಸರೂ ಕೇಳಿಲ್ಲವಲ್ಲ?" ಅಂದ್ರು. ಟಿಕೆಟ್ ಬ್ಯಾಕ್‌ಲಾಗಿಗೆ ಹೋಯ್ತು. ಅವ್ವ ಈಗ ಭಜನೆ ಅಳಿಸ್ತಾ ಇದ್ದಾಳೆ.